ರಟ್ಟಿನ ಕಿಂಡಿ

ಬಿಷಪ್ ಹೌಸಿನ ಸುತ್ತೋಲೆ ಬಂದು ಮೂರು ವರ್ಷವಾಯಿತು:
ನೂರು ವರ್ಷ ದಾಟಿದ ಪುಸ್ತಕ ಮಾತ್ರ ತೆರೆಯಬೇಕು,
ಫೋಟೊ ಹೊಡೆಯಬಾರದು,
ಕೇಳಿದವರ ಸಾಲು ಬಿಟ್ಟು ಇನ್ನೊಬ್ಬರದ್ದು ಕಾಣಬಾರದು.
ಕಾಣಬಾರದು ಅಂದರೆ ಹೇಗೆ ಮಾರಾಯ್ರೆ,
ಒಂದೊಂದು ಪುಟದಲ್ಲಿ ಹನ್ನೊಂದು ಮಕ್ಕಳು
ಬೆನ್ನಿಗೆ ಬೆನ್ನು ತಾಗಿಸಿ ಮಲಗಿದ್ದಾವೆ.

ಕೊನೆಗೆ ಒಂದು ಮದುವೆ ಕಾಗದದ ದಪ್ಪ ರಟ್ಟು ತೆಗೆದು
ಬ್ಲೇಡಿನಲ್ಲಿ ಕಿಂಡಿ ಕೊರೆದೆ,
ಒಂದು ಸಾಲಿನಷ್ಟು ಎತ್ತರ.
ಹಿಂಬದಿಯಲ್ಲಿ ಮದುಮಗಳ ಅರ್ಧ ಹೆಸರು ಈಗಲೂ ಉಂಟು.

ಅದನ್ನಿಟ್ಟು ಓದಿಸುತ್ತೇನೆ.
ಮುಂಬೈಯಿಂದ, ಕುವೈಟಿನಿಂದ ಬರುತ್ತಾರೆ,
ಸರ್ವೆ ನಂಬ್ರ ಕೇಳಿದ ಹಾಗೆ ಮುತ್ತಜ್ಜನನ್ನು ಕೇಳುತ್ತಾರೆ.
ಕೆಲವರಿಗೆ ಪೋರ್ಚುಗಲ್ ಪಾಸ್‌ಪೋರ್ಟಿನ ಆಸೆ;
ಅದು ಗೋವಾದವರಿಗೆ ಅಂದರೆ ಮುಖ ಸಣ್ಣದಾಗುತ್ತದೆ.
ಕೆಲವರಿಗೆ ತಾವು ಮೂಲದಲ್ಲಿ ಯಾವ ಜಾತಿ ಎಂದು ತಿಳಿಯಬೇಕು.
ಈ ಪುಸ್ತಕ ಇಡುವುದು
ನೀರಿನ ಲೆಕ್ಕ ಮಾತ್ರ.

ಕ್ಲೊಟಿಲ್ಡಾ ಸಿಕ್ವೇರಾ ಬಂದದ್ದು ಉಡುಪಿಯ ಬೆಳಗಿನ ಬಸ್ಸಿನಲ್ಲಿ.
ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರಂತೆ.
ನಾಲ್ಕು ಗ್ರಾಫ್ ಹಾಳೆ ಅಂಟಿಸಿದ ವಂಶದ ನಕ್ಷೆ,
ಬುಡದಲ್ಲಿ ಒಂದು ಚೌಕ ಖಾಲಿ.
"ಪಾಸ್ಕೊಲಾ ಅಂತ. ನನ್ನ ಮುತ್ತಜ್ಜಿ.
ಈಸ್ಟರಿನ ಆಸುಪಾಸು ಹುಟ್ಟಿರಬೇಕು, ಹೆಸರೇ ಹೇಳುತ್ತದಲ್ಲ."
ವರ್ಷ?
"ಅದು ಗೊತ್ತಿದ್ದರೆ ನಾನು ಯಾಕೆ ಬರುತ್ತಿದ್ದೆ?"

ಫ್ಯಾನು ನಿಲ್ಲಿಸಿದೆ. ಪುಟ ಹರಿಯುತ್ತದೆ.
ಬೆಳ್ಳಿಹುಳ ತಿಂದ ದಾರಿ
ಎಷ್ಟೋ ಬ್ರಾಗ್ಸರ, ರೇಗೊಗಳ ಹೆಸರಿನ ನಡುವೆ ಹಾದುಹೋಗಿತ್ತು.
ನಾನು ಬೆರಳಿಡುತ್ತ ಇಳಿಯುವಾಗ ಅವರು ಮಾತಾಡುತ್ತಲೇ ಇದ್ದರು:
ಮೊಂತಿ ಹಬ್ಬಕ್ಕೆ ತೆನೆ ತಂದು
ಹೊಸ ಅಕ್ಕಿಯನ್ನು ತೆಂಗಿನ ಹಾಲಿಗೆ ಹಾಕಿ ಹಂಚುವಾಗ
ಅವರ ಮನೆಯಲ್ಲಿ ಒಂದು ಲೋಟ ಯಾವಾಗಲೂ ಹೆಚ್ಚು.
ಯಾರಿಗೆ ಅಂದರೆ ಅಮ್ಮನಿಗೂ ಗೊತ್ತಿಲ್ಲ,
"ಲೆಕ್ಕ ಬಾರದವರ ಮನೆ" ಎಂದು ನಕ್ಕರು.

ಸಾವಿರದ ಎಂಟುನೂರ ತೊಂಬತ್ತೊಂದು, ಏಪ್ರಿಲ್.
ಕಿಂಡಿ ಸರಿಯಾಗಿ ಕೂರಿಸಿದೆ.
ಪಾಸ್ಕೊಲಾ. ಅಪ್ಪ ಜುವಾಂವ್, ರೈತ. ಅಮ್ಮ ನತಾಲಿಯಾ.
ಅವರು ಕನ್ನಡಕ ಒರೆಸಿ, ಮತ್ತೊಮ್ಮೆ ಒರೆಸಿ,
ಕೊನೆಯ ಶಬ್ದಕ್ಕೆ ಪೆನ್ನಿನ ಹಿಂಬದಿ ತಾಗಿಸಿದರು:
"ಇದೆಂತದು?"

ನನಗೆ ಬರುವ ಲ್ಯಾಟಿನ್ ಇಪ್ಪತ್ತು ಶಬ್ದ.
ವಿಧವೆ, ಕೂಲಿಯವ, ತಂದೆ ತಿಳಿದಿಲ್ಲ.
ಇದೂ ಆ ಇಪ್ಪತ್ತರಲ್ಲಿ ಒಂದು.
ಅವಳಿ, ಅಂದೆ.

ಪೆನ್ನು ಅಲ್ಲೇ ನಿಂತಿತು.
ಕಿಂಡಿಯ ಮೇಲೆ ರಟ್ಟು, ಕೆಳಗೆ ರಟ್ಟು.
ಅವರು ಕೇಳಲಿಲ್ಲ.
ಮೂವತ್ತು ವರ್ಷ ಪಾಠ ಮಾಡಿದವರು,
ನಿಯಮ ಓದಿಯೇ ಸಹಿ ಹಾಕಿದ್ದರು.
ಆಚೆ ಇಗರ್ಜಿಯಲ್ಲಿ ಯಾರೋ ಬೆಂಚು ಎಳೆಯುತ್ತಿದ್ದರು,
ಆ ಸದ್ದು ಮುಗಿಯುವವರೆಗೆ ನಾನು ಕಾದೆ.
ಆಮೇಲೆ ನನ್ನ ಹೆಬ್ಬೆರಳು ರಟ್ಟನ್ನು
ಅರ್ಧ ಇಂಚು ಮೇಲಕ್ಕೆ ತಳ್ಳಿತು.

ಮರಿಯಾ.
ಅವಸರದಲ್ಲಿ ಕೈಗೆ ಸಿಗುವ ಹೆಸರು.
ಸೂಲಗಿತ್ತಿ ಮನೆಯಲ್ಲೇ ನೀರೆರೆದಳು,
ಒಂದು ಗಂಟೆ ಬದುಕಿತು.
ಬರೆದ ಪಾದ್ರಿಗೆ ಮಸಿ ಕಡಿಮೆಯಾಗಿರಬೇಕು,
"ಗಂಟೆ" ಎಂಬಲ್ಲಿ ಅಕ್ಷರ ತೆಳುವಾಗಿ
ಕಾಗದವೇ ಓದಿಕೊಂಡ ಹಾಗೆ ಇತ್ತು.

ಅವರು ನಕ್ಷೆಯಲ್ಲಿ ಖಾಲಿ ಚೌಕ ತುಂಬಿದರು.
ಪಕ್ಕದಲ್ಲಿ, ಸ್ಕೇಲಿಲ್ಲದೆ, ಇನ್ನೊಂದು ಬರೆದರು. ಸ್ವಲ್ಪ ಸೊಟ್ಟ.
"ಲೋಟ," ಅಂದರು. ಅಷ್ಟೇ.

ಒಂದು ಸಾಲಿಗೆ ಐವತ್ತು ರೂಪಾಯಿ.
ನೂರರ ನೋಟು ಕೊಟ್ಟರು: ಎರಡಕ್ಕೂ ತೆಗೆದುಕೊಳ್ಳಿ.
ನೀವು ನೋಡಿದ್ದು ಒಂದೇ ಸಾಲು, ಅಂದೆ,
ರಶೀದಿಯಲ್ಲೂ ಹಾಗೇ ಬರೆದೆ.
ಚಿಲ್ಲರೆ ಹುಡುಕುವಷ್ಟರಲ್ಲಿ ಬಸ್ಸಿನ ಹಾರನ್,
ಅವರು ಮೆಟ್ಟಿಲಿಳಿದಾಗಿತ್ತು.

ಸಂಜೆ ವಿಗಾರರು ಲೆಕ್ಕ ನೋಡಿದರು.
ಐವತ್ತು ಹೆಚ್ಚುಂಟಲ್ಲ ಸೆವೆರಿನ್, ಯಾರದ್ದು?
ಪೂಜೆಗೆ ಫಾದರ್, ಸತ್ತವರ ಹೆಸರಿನಲ್ಲಿ.
ಯಾರ ಹೆಸರಿನಲ್ಲಿ?
ಮರಿಯಾ.
ಯಾವ ಮರಿಯಾ ಮಾರಾಯ, ನಮ್ಮ ಸಿಮಿತ್ರಿಯಲ್ಲಿ
ಮುನ್ನೂರು ಜನ ಮರಿಯಾ ಇದ್ದಾರೆ.

ಸಣ್ಣವಳು, ಅಂದೆ.
ಬೀಗದ ಕೈ ಅಂಗಿಯ ಜೇಬಿನಲ್ಲಿ ಭಾರವಾಗಿತ್ತು.