ಯೂ

ಹೆಗ್ಗನಹಳ್ಳಿ ಕ್ರಾಸು, ಹಿಟ್ಟಿನ ಗಿರಣಿಯ ಮಹಡಿ.
ಭಾನುವಾರ ನಾಲ್ಕಕ್ಕೆ ಏಳು ಜನ, ಒಂದು ಮಗು.
ಚಾರ್ಟು ಬಿಡಿಸುವ ಮೊದಲೇ ಮುನಿಲಕ್ಷ್ಮಿ ಅಂದಳು:
ಸೇಬು ಬೇಡ ಮಿಸ್,
ಅದು ಕಿಲೋ ಇನ್ನೂರ ನಲವತ್ತು.

ನನ್ನ ಹೆಸರು ಇಂಥದ್ದು ಅನ್ನುವುದು ಕಲಿಸಲೇ?
ಹೆಸರು ಕೊರಳಲ್ಲೇ ನೇತಾಡುತ್ತದೆ,
ಯಾರೂ ಓದುವುದಿಲ್ಲ.

ಇಂಗ್ಲಿಷೇನು ಇವರಿಗೆ ಕಡಿಮೆಯೇ?
ಬಂಡಲ್, ಕಾಲರ್, ಟಾರ್ಗೆಟ್, ಓಟಿ, ಪಿಎಫ್,
ರಿಜೆಕ್ಟ್.
ಕತ್ತರಿಸಿದ ಚೂರುಗಳಂತೆ ಮಡಿಲ ತುಂಬ ಇವೆ,
ಸೇರಿಸಿ ಹೊಲಿಯುವ ದಾರ ಎಲ್ಲೋ ಬಿದ್ದುಹೋಗಿದೆ.

ಪುಸ್ತಕ ಮುಚ್ಚಿ
ಬೋರ್ಡಿನ ಮೇಲೆ ಒಂದೇ ಪದ ಬರೆದೆ: ಯೂ.
ನೀನು ಅಂದರೂ ಇದೇ, ನೀವು ಅಂದರೂ ಇದೇ,
ತಾವು ದಯಮಾಡಿಸಬೇಕು ಅಂದರೂ.

ಕೆಳಗೆ ಗಿರಣಿ ನಿಂತಿತು, ಕರೆಂಟು ಹೋಗಿರಬೇಕು.
ಸೂಜಿಗೆ ನೂಲು ಪೋಣಿಸುವ ಕಣ್ಣಲ್ಲಿ
ಫಿಲೋಮಿನಾ ಬೋರ್ಡು ನೋಡಿದಳು:
ಮ್ಯಾನೇಜರು ನಂಗೆ ಅನ್ನೋದೂ
ನಾನು ಅವರಿಗೆ ಅನ್ನೋದೂ?
ಒಂದೇ.
ಬೈದ ಹಾಗೆ ಆಗಲ್ವಾ?
ಇಲ್ಲ.

ಸೆರಗು, ದುಪಟ್ಟಾ ಬಾಯಿಗಿಟ್ಟು ನಕ್ಕರು.
ಒಬ್ಬರಿಗೊಬ್ಬರು ಬೆರಳು ತೋರಿಸಿ
ಯೂ, ಯೂ ಎಂದರು, ಮಗುವೂ ಸೇರಿ.
(ಬೆರಳು ತೋರಿಸಬಾರದು ಎಂಬುದು
ಮುಂದಿನ ಪಾಠಕ್ಕಿರಲಿ.)

ಮರುವಾರ ಫಿಲೋಮಿನಾ ಚಪ್ಪಲಿ ಬಿಡುತ್ತಲೇ:
ಅಂದೆ ಮಿಸ್.
ಯೂ ಕಮ್, ಯೂ ಸೀ, ನೀಡಲ್ ಬ್ರೋಕನ್, ನಾಟ್ ಮೀ.
ಅವರೇನಂದರು?
ಮಷೀನು ಸದ್ದಲ್ಲಿ ಕೇಳಿಸಲಿಲ್ಲವೇನೋ, ಹೊರಟುಹೋದರು.

ಚಾಪೆ ಹಾಸಿ ಕೂತಳು, ನೋಟ್‌ಬುಕ್ ತೆರೆದಳು.
ಜೋರಾಗಿ ಅನ್ನೋದಕ್ಕೆ ಏನಂತಾರೆ?