ನಾಲಿಗೆಗೆ ಕೂಲಿ

ನನ್ನ ಪರದೆ ಕಪ್ಪಾದರೆ ಕೆಲಸ ಕೆಟ್ಟಿತು,
ಅಬ್ಬಾನ ಹೂಜಿ ಕಪ್ಪಾಗದಿದ್ದರೆ ಕೆಲಸ ಕೆಟ್ಟಿತು.
ಒಂದೇ ಛಾವಣಿ, ಒಂದೇ ಯುಪಿಎಸ್ಸು,
ನಡುವೆ ನವಸಾಗರದ ಕೆಮ್ಮು.

ಮೂರು ದಿನದಿಂದ ಹಿಡಿದು ಕೂತಿದ್ದೇನೆ:
ಆಟದಲ್ಲಿ ಕುದುರೆ ಸೇತುವೆ ದಾಟುತ್ತದೆ,
ಕೆಳಗೆ ನೀರಿನ ಮೇಲೆ ಬೆಳಕು ಬೀಳಬೇಕು,
ಬೀಳುವುದಿಲ್ಲ. ಎಲ್ಲಾ ಅಮಾವಾಸ್ಯೆ.
ತಪ್ಪು ಆಟದ್ದಲ್ಲ, ಅದು ನಿಂತ ನೆಲದ್ದು,
ಯಾರು ಬೇಕಾದರೂ ಅಗೆದು ನೋಡಬಹುದಾದ ನೆಲದ್ದು.

ಸಂಬಳ ಕೊಡುವವರು ಆಟ ಮಾರುವವರು.
ಅಬ್ಬಾ ಚಾಣ ಕೆಳಗಿಟ್ಟು ಕೇಳಿದರು
(ಅವರು ಕೇಳಿದ್ದು ದಖನಿಯಲ್ಲಿ,
ನಾನಿಲ್ಲಿ ಓಣಿಯ ಕನ್ನಡ ಹಚ್ಚಿದ್ದೇನೆ):
"ಆ ನೆಲ ಅವರ ಹೆಸರಿಗಿಲ್ಲ ಅಂತಿ,
ನೀ ತಿದ್ದಿದ್ದು ಪುಕ್ಕಟೆ ಎಲ್ಲರಿಗೂ ಅಂತಿ,
ಅವರ ವೈರಿನೂ ಒಯ್ಯಬಹುದು ಅಂತಿ,
ಮತ್ತ ನಿನಗ್ಯಾಕ ರೊಕ್ಕ? ಧರ್ಮಕ್ಕೇನು?"

ಧರ್ಮ ಅಲ್ಲ ಅಬ್ಬಾ, ಭಯ.

ಚೌಬಾರಾ ಹತ್ತಿರದ ಆ ಮಳಿಗೆ ನೆನಪಿದೆಯಾ,
ಹನ್ನೊಂದು ವರ್ಷ ಬಾಡಿಗೆ ಕಟ್ಟಿದ್ದು?
ಒಂದು ಮುಂಜಾನೆ ಮಾಲೀಕ
ಮುಂದಿನ ಪಡಸಾಲೆಯಲ್ಲಿ ತಾನೇ ಹೂಜಿ ಜೋಡಿಸಿದ.
ಹೋಗು ಅಂತ ಬಾಯಿಬಿಟ್ಟು ಅನ್ನಲಿಲ್ಲ.
ಬರುವವರೆಲ್ಲ ಅವನ ಗಾಜಿನ ಕಪಾಟು ದಾಟಿಯೇ
ನಮ್ಮ ತನಕ ಬರಬೇಕಿತ್ತು, ಅಷ್ಟೇ.
ಬೀಗ ಅವನದು, ಬಾಗಿಲು ಅವನದು,
ಬೋರ್ಡಿನಲ್ಲಿ ನಮ್ಮ ಹೆಸರು ಎಷ್ಟು ದಪ್ಪ ಇರಬೇಕು ಅನ್ನುವುದೂ ಅವನದು.

ಇವರೂ ಹಾಗೇ ಬಾಡಿಗೆಗಿದ್ದವರು.
ಇವರ ಮಾಲೀಕನೂ ಆಟದಂಗಡಿ ತೆರೆದ.
ಅಂದಿನಿಂದ ನಿದ್ದೆಯಿಲ್ಲ,
ಯಾರದೂ ಅಲ್ಲದ ಜಾಗ ಹುಡುಕಿ ಹದ ಮಾಡಿಸುತ್ತಿದ್ದಾರೆ.
ತಮಗೆ ಸೇರದಿದ್ದರೂ ಸರಿ,
ಅವನಿಗೆ ಸೇರದಿದ್ದರೆ ಸಾಕು.

ಅಬ್ಬಾ ಸುಮ್ಮನಾದರು.
ಆ ಮಾಲೀಕನ ಹೆಸರು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಸಂಜೆ ಮಣ್ಣಿಗೆಂದು ಕೋಟೆಗೆ ಹೋದೆವು,
ಬಿಸಿಲು ಮಳೆ ಕಾಣದ ಗೋಡೆಯ ಸಂದಿಗೆ.
ಆಗಲೇ ಅಲ್ಲಿ ಹಣಮಂತು, ಆಚೆ ಬೀದಿಯ ಕಾರ್ಖಾನೆಯವನು,
ಹೋದ ವರ್ಷ ನಮ್ಮ ಆರ್ಡರು ಕಿತ್ತುಕೊಂಡವನು,
ಅದೇ ಗುಂಡಿಯಿಂದ ಚೀಲ ತುಂಬುತ್ತಿದ್ದ.
"ಸಲಾಂ ಉಸ್ತಾದ್" ಅಂದ, ಸರಿದು ಜಾಗ ಕೊಟ್ಟ.
ಅಬ್ಬಾ ಚಿಟಿಕೆ ಮಣ್ಣು ನಾಲಿಗೆಗಿಟ್ಟು
ಉಗುಳಿದರು. ಇನ್ನೊಂದು ಚಿಟಿಕೆ. ಕಣ್ಣು ಮುಚ್ಚಿದರು.
"ಅಲ್ಲಿ ಬ್ಯಾಡ, ಇಲ್ಲಿ ತಗೋ," ಅವನಿಗೂ ಹೇಳಿದರು.

ಇಳಿಯುವಾಗ:
"ಅಂದ್ರ ಮಣ್ಣು ಪುಕ್ಕಟೆ,
ನಾಲಿಗೆಗೆ ಕೂಲಿ. ಹೌದಿಲ್ಲೋ?"
ಹೌದೆಂದೆ.
"ಅವರ ಭಯ ಹೋದ ದಿನ?"

ದಿಡ್ಡಿ ಬಾಗಿಲ ತನಕ ಇಬ್ಬರೂ ಮಾತಾಡಲಿಲ್ಲ.

ರಾತ್ರಿ ಎರಡಕ್ಕೆ ಹದಿಮೂರು ಸಾಲು ತಿದ್ದಿದೆ.
ಕುದುರೆಯ ಕೆಳಗೆ ನೀರು
ಒಂದೊಂದೇ ಎಳೆಯಾಗಿ ಹೊಳೆಯಿತು.
ಕೆಳಗೆ ಬರೆದು ಬಿಟ್ಟುಕೊಟ್ಟೆ,
ಎಲ್ಲೋ ಇರುವ ಹಣಮಂತುಗಳಿಗೂ:

ತಿದ್ದಿದವರು ತಸ್ನೀಮ್, ಬೀದರ್.
ಕಾರಣ: ನೀರು ಕಾಣುತ್ತಿರಲಿಲ್ಲ.