ನಮ್ಮನಿ ಗಂಜ್

ಐದು ದಿನಕ್ಕೊಮ್ಮೆ ನಳ ಬರತಾವ ನಮ್ಮ ಜೋರಾಪುರ ಪೇಟ್ಯಾಗ,
ಅದೂ ನಡುರಾತ್ರಿ, ಎರಡೂವರಿಗೋ ಮೂರಕ್ಕೋ,
ವಾಲ್‌ಮನ್ ಸಿದರಾಯನ ನಿದ್ದಿ ಹರದ ಹೊತ್ತಿಗೆ.
ನೀರಿಗಿಂತ ಮೊದಲ ಬರೂದು ಗಾಳಿ.
ಗೋಡಿಯೊಳಗ ಯಾರೋ ಉಸರು ಹಿಡದು ಹಿಡದು
ಒಮ್ಮೆಲೆ ಬಿಟ್ಟಂಗ ಒಂದು ಹೂಂಕಾರ,
ಆಮ್ಯಾಲ ದಡ್. ದಡ್. ದಡದಡ ದಡ್.
ಮೊಳಿಗೆ ಸಿಗಿಸಿದ ಜರಡಿ ಕೆಳಗ ಬೀಳತಿತ್ತು,
ಕೂಸು ಕಿರಚತಿತ್ತು,
ಹನ್ನೊಂದು ಸೀರಿಗೆ ಫಾಲ್ ಹಚ್ಚಿ ಆಗಷ್ಟ ಅಡ್ಡಾದ ನನಗ
ಎದಿ ಯಾವುದು, ಪೈಪ್ ಯಾವುದು ತಿಳೀತಿರಲಿಲ್ಲ.

‘ಈ ಮನ್ಯಾಗ ಏನೋ ಐತಿ’ ಅಂದ್ಲು ನೆಗೆಣ್ಣಿ.
ಮೀಟರಿಗೆ ನಿಂಬಿಹಣ್ಣು ಕಟ್ಟಿ ಹೋದ್ಲು.
ಹಣ್ಣು ಒಣಗಿ ಅಡಕಿಯಷ್ಟಾತು.
ಸದ್ದು ಒಣಗಲಿಲ್ಲ.

ಲಾಡ್ಲೇಸಾಬ ಬಂದ, ಸೈಕಲ್ ಹ್ಯಾಂಡಲಿಗೆ ಪಾನಾದ ಚೀಲ,
ಕಿವಿಸಂದ್ಯಾಗ ಮೊಂಡ ಪೆನ್ಸಿಲ್.
ಏನೂ ಕೇಳಲಿಲ್ಲ.
ಸಂತ್ಯಾಗ ಕಲ್ಲಂಗಡಿ ಆರಸಾವರಂಗ
ಬೆರಳಗಂಟಿನಿಂದ ಗೋಡಿ ತಟ್ಟಕೋತ ಹ್ವಾದ.
‘ಇಲ್ಲಿ ಕ್ಲಾಂಪ್ ಬಿಟ್ಟೈತ್ರಿ. ಇಲ್ಲೂ.
ಪೈಪಿಂದೇನ್ ತಪ್ಪಿಲ್ಲ, ಹಿಡಕೊಳ್ಳಾವರಿಲ್ಲ ಅದಕ್ಕ.
ಮುಚ್ಚಿದ ನಳದ ತನಕ ಓಡಿ ಬಂದ ನೀರು
ಎಲ್ಲಿ ಹೋಗಬೇಕು ಹೇಳ್ರಿ? ತಲಿ ಚಚ್ಚಿಕೋತೈತಿ.’

ಹಳೇ ಟ್ಯೂಬ್ ಕತ್ತರಿಸಿ ಕ್ಲಾಂಪಿನ ಬುಡಕ ಮೆತ್ತ ಮಾಡಿ ಇಟ್ಟ,
ಚಾ ಬಸಿಗೆ ಸುರಕೊಂಡು ಹೇಳಿದ:
‘ಬಾದಶಾಹಿ ಕಾಲದಾಗ ಊರಾಗ ಗಂಜ್ ಕಟ್ಟಿದ್ರಲ್ರಿ,
ಸಣ್ಣವರಿದ್ದಾಗ ನಾವು ಹತ್ತಿ ಗಾಳಿಪಟ ಬಿಡತಿದ್ವಿ,
ಅವು ಯಾಕಂತ ಮಾಡೀರಿ?
ಬೇಗಂ ತಲಾಬದಿಂದ ಮಣ್ಣಿನ ಕೊಳವ್ಯಾಗ ಹೊಂಟ ನೀರು
ಅಲ್ಲಿ ಮ್ಯಾಲೇರಿ, ದಮ್ಮು ತಗೊಂಡು, ಸಿಟ್ಟು ಇಳಸಿ
ಮುಂದಿನ ಓಣಿಗೆ ಹೋಗತಿತ್ತು.’
ಬಚ್ಚಲ ನಳದ ಮ್ಯಾಲ ಮೊಳದುದ್ದ ಪೈಪ್ ನೆಟ್ಟಗ ನಿಲ್ಲಿಸಿ
ಅದರ ನೆತ್ತಿಗೊಂದು ಟೊಪಗಿ ತಿರುವಿದ.
‘ತಗೋರಿ, ನಿಮ್ಮನಿ ಗಂಜ್.’
ನಾಕನೂರು ಅಂದಾಂವ ಮೂನ್ನೂರೈವತ್ತ ತಗೊಂಡ,
ಅಂಗಿ ಗುಂಡಿ ಹಚ್ಚಿಕೊಟ್ಟಿದ್ದೆ.

ಆ ವಾರ ನಿದ್ದಿ ಬಂತು ನೋಡ್ರಿ.
ಹಗೇವಿನ್ಯಾಗ ಜೋಳ ಸುರದಂಗ, ತಳಾ ಮುಟ್ಟೂ ತನಕ ನಿದ್ದಿ.
ಎದ್ದರ ಬಿಸಲು ತೊಟ್ಟಲಕ್ಕ ಬಂದಿತ್ತು,
ಟಾಕ್ಯಾಗ ಒಂದು ತಂಬಿಗಿ ನೀರು.
ಚಪ್ಪಲಿ ಕೈಯಾಗ ಹಿಡಕೊಂಡು ದಾಟಿ ಹೋಗಿತ್ತು ನಳ.

ಬಾಗಲದಾಗ ಗುರಲಿಂಗವ್ವ, ಟೊಂಕದ ಮ್ಯಾಲ ಖಾಲಿ ಕೊಡ:
‘ಯಾಕ ಶಂಕ್ರೆಮ್ಮಾ, ನಿಮ್ಮ ಪೈಪ್ ಸತ್ತೈತೇನು?
ಅದು ಬಡಕೊಂಡ ಮ್ಯಾಲನ ನಾವು ಏಳಾವರು.
ಶೀಲವಂತ ಮಾಸ್ತರು, ಮೂಲಿಮನಿ ರೊಟ್ಟಿ ಬಡಿಯಾಕಿ,
ಆ ಪೋಲೀಸರ ಹೆಣತಿ ಸುದ್ದಾ.
ಇವತ್ತ ಹದಿನಾಕು ಮನ್ಯಾಗ ಮಕ ತೊಳದಿಲ್ಲ.’

ನಾ ಒಬ್ಬಾಕಿನ ಹೊತ್ತೇನಿ ಅಂತ ತಿಳದಿದ್ದೆ ಆ ಸದ್ದು.

ಲಾಡ್ಲೇಸಾಬ ಮತ್ತ ಬಂದ, ನಕ್ಕ, ಕೆಮ್ಮಿದ, ಮತ್ತ ನಕ್ಕ.
‘ಮೂವತ್ತೊಂದು ವರ್ಷಕ್ಕ, ಸದ್ದು ಹಾಕಿ ಕೊಡ್ರಿ ಅಂದಾಕಿ
ನೀವ ಮೊದಲ ನೋಡ್ರಿ.’
ತೊಟ್ಟಲದ ಕಡಿ ಕ್ಲಾಂಪ್ ಮುಟ್ಟಲಿಲ್ಲ.
ಅಡಗಿಮನಿ ಹಿಂದಿಂದು, ಓಣಿಗೆ ಮಾರಿ ಮಾಡಿದ್ದು,
ಅದರ ಸ್ಕ್ರೂ ಅರ್ಧಾ ಸುತ್ತ ಸಡಲ ಮಾಡಿ
ಪೈಪಿಗೆ ಬೆರಳಿಂದ ಬಡದ: ‘ಇಷ್ಟ ಸಾಕೇನ್ರಿ?’
‘ಕೇಳವಲ್ದೂ!’ ಎದುರಿನ ಕಟ್ಟಿಯಿಂದ ಗುರಲಿಂಗವ್ವ.
ಇನ್ನೊಂದು ಎಳಿ.
‘ಹಾಂ, ಈಗ!’
ರೊಕ್ಕ ಒಲ್ಲೆ ಅಂದ. ಇದರ ರೇಟು ಗೊತ್ತಿಲ್ಲಂತ.

ಈಗ ಎರಡೂವರಿ ಸುಮಾರಿಗೆ
ಗೋಡಿ ಒಂದ ಸಲ ಕೆಮ್ಮತೈತಿ,
ಹಿರ್ಯಾರು ಹೊಸ್ತಲಾ ದಾಟೂ ಮೊದಲ ಕೆಮ್ಮಿದಂಗ.
ಕೂಸು ಮಗ್ಗಲ ಹೊಳ್ಳತೈತಿ.
ನಾನು ಸೆರಗು ಸರಿಮಾಡಿಕೊಂಡು ಏಳತೇನಿ.